ಹಳೇ ಜಪಾನೀ ಕಬ್ಬಿಣದ ಕೆಟಲ್: ಯಾವುದನ್ನ ತಗೊಳ್ಳೋದು, ಯಾವುದನ್ನ ಬಿಡೋದು

ಜಪಾನಿನ ಹಳೇ ಬೀಡು ಕಬ್ಬಿಣದ ಕೆಟಲ್ ತಗೋಬೇಕು ಅಂತ ಆಸೆ ಪಟ್ಟೋರು ಮೊದಲು ಕೇಳೋದೇ "ಯಾವ ಮೇಕರ್‌ದು ತಗೊಳ್ಳಲಿ" ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳ್ಬೇಕಾದ ಪ್ರಶ್ನೆ. ಅದರಲ್ಲಿ ದಿನಾ ನೀರು ಕಾಯಿಸ್ತೀರಾ, ಇಲ್ಲಾ ಹಾಲ್‌ನಲ್ಲಿ ಅಂದಕ್ಕೆ ಇಡ್ತೀರಾ, ಇದನ್ನ ಮೊದಲು ತೀರ್ಮಾನ ಮಾಡಿ. ಯಾಕಂದ್ರೆ ಈ ಎರಡಕ್ಕೂ ಒಳ್ಳೇದು ಅನ್ನಿಸೋ ಕೆಟಲ್ ಬೇರೆ ಬೇರೆ, ನೋಡ್ಬೇಕಾದ ಜಾಗಾನೂ ಬೇರೆ. ಶೋಗೆ ಇಡೋರು ಹೊರಗಡೆ ನೋಡಿದ್ರೆ ಸಾಕು, ನೀರು ಕಾಯಿಸೋರು ಮುಚ್ಚಳ ತೆಗೆದು ಒಳಗೆ ನೋಡ್ಲೇಬೇಕು. ಫೋಟೋದಲ್ಲಿ ಒಳಭಾಗ ತೋರಿಸದೇ ಇರೋ ಸೆಲ್ಲರ್ ಹತ್ರ ಎಷ್ಟೇ ದೊಡ್ಡ ಹೆಸರಿನ ಕೆಟಲ್ ಇದ್ರೂ ನಾನಂತೂ ದುಡ್ಡು ಹಾಕಲ್ಲ.

ಇನ್ನೊಂದು ವಿಷ್ಯ ಮೊದಲೇ ಕ್ಲಿಯರ್ ಮಾಡ್ಕೊಳ್ಳೋಣ. ನಮ್ಮ ಕಡೆ ಆನ್‌ಲೈನ್‌ನಲ್ಲಿ "ಜಪಾನೀಸ್ ಕ್ಯಾಸ್ಟ್ ಐರನ್ ಟೀ ಕೆಟಲ್" ಅಂತ ಹಾಕಿದ್ರೆ ಬರೋದ್ರಲ್ಲಿ ಬಹುಪಾಲು ಕೆಟಲ್ಲೇ ಅಲ್ಲ. ಒಳಗೆ ಎನಾಮಲ್ ಬಳಿದಿರೋ, ಸ್ಟೀಲ್ ಜಾಲರಿ ಇಟ್ಟಿರೋ, ನೀಲಿ ಹಸಿರು ಕೆಂಪು ಬಣ್ಣದ ಪುಟ್ಟ ಟೀ ಪಾಟ್‌ಗಳು ಅವು. ಜಪಾನಿನಲ್ಲಿ ಇದಕ್ಕೆ ಕ್ಯೂಸು ಅಂತಾರೆ. ಬೇರೆ ಪಾತ್ರೇಲಿ ಕಾಯಿಸಿದ ನೀರನ್ನ ಎಲೆ ಮೇಲೆ ಸುರಿದು ಟೀ ಇಳಿಸೋದಕ್ಕೆ ಅದು, ಒಲೆ ಮೇಲೆ ಇಡೋದಕ್ಕಲ್ಲ, ಇಟ್ರೆ ಎನಾಮಲ್ ಬಿರುಕು ಬಿಟ್ಟು ಚೂರು ಚೂರಾಗಿ ಏಳತ್ತೆ. ನೀರು ಕಾಯಿಸೋ ಕಬ್ಬಿಣದ ಕೆಟಲ್‌ಗೆ ತೆತ್ಸುಬಿನ್ ಅಂತ ಹೆಸರು. ಅದರ ಒಳಗೆ ಏನೂ ಬಳಿದಿರಲ್ಲ, ಬರೀ ಕಬ್ಬಿಣ. ಕ್ಯೂಸು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಗಿಫ್ಟ್ ಕೊಡೋಕೆ, ಗ್ರೀನ್ ಟೀ ಮಾಡ್ಕೊಳ್ಳೋಕೆ ಚೆನ್ನಾಗಿದೆ, ಆದ್ರೆ ಅದನ್ನ ಆಂಟೀಕ್ ಕೆಟಲ್ ಅಂತ ಆಂಟೀಕ್ ಬೆಲೆ ಕೊಟ್ಟು ತಗೋಬೇಡಿ.

ಇನ್ನು "ಆಂಟೀಕ್" ಅಂದ್ರೆ ಎಷ್ಟು ಹಳೇದು? ಮಾರ್ಕೆಟ್‌ನಲ್ಲಿ ಸಿಗೋ ಹಳೇ ತೆತ್ಸುಬಿನ್‌ಗಳಲ್ಲಿ ಹೆಚ್ಚಿನವು ಮೇಜಿ ಕಾಲದಿಂದ (1868–1912) ಹಿಡಿದು ತೈಶೋ (1912–1926), ಶೋವಾ (1926–1989) ಕಾಲದ ಮೊದಲ ಭಾಗದವರೆಗಿನವು. ಮೇಜಿಗಿಂತ ಹಿಂದಿನ ಎಡೋ ಕಾಲದ್ದು ಅಂತ ಯಾರಾದ್ರೂ ಸಲೀಸಾಗಿ ಹೇಳಿದ್ರೆ ಸ್ವಲ್ಪ ಅನುಮಾನ ಇಟ್ಕೊಳ್ಳಿ, ಅವು ಅಷ್ಟು ಸುಲಭವಾಗಿ ಕೈಗೆ ಸಿಗೋವಲ್ಲ. ಯುದ್ಧದ ಟೈಮಲ್ಲಿ, 1941ರಲ್ಲಿ ಲೋಹ ವಸೂಲಿ ಮಾಡೋ ಆದೇಶ ಬಂದಿತ್ತು, ದೇವಸ್ಥಾನದ ಗಂಟೆಗಳ ಜೊತೆಗೆ ಮನೆಮನೆಯ ಕಬ್ಬಿಣ, ಕಂಚಿನ ಸಾಮಾನೂ ಕರಗಿಸೋದಕ್ಕೆ ಹೋಯ್ತು. ಯುದ್ಧ ಮುಗಿದ ಮೇಲೆ ಹಗುರವಾದ ಅಲ್ಯುಮಿನಿಯಂ ಪಾತ್ರೆ ಬಂತು, ಇದ್ದಿಲ ಒಲೆ ಹೋಗಿ ಗ್ಯಾಸ್ ಬಂತು, ಉಳಿದಿದ್ದ ಕೆಟಲ್‌ಗಳೂ ಅಟ್ಟ ಸೇರಿದ್ವು. ಈಗ ಹರಾಜಿಗೆ ಬರ್ತಿರೋದು ಹಾಗೆ ಉಳ್ಕೊಂಡ ಮಾಲು.

ನಾಂಬು ಮತ್ತು ಕ್ಯೋತೋ ಕಡೆಯವು

ಹಳೇ ತೆತ್ಸುಬಿನ್‌ನಲ್ಲಿ ಮುಖ್ಯವಾಗಿ ಎರಡು ಕುಲ. ಒಂದು ಉತ್ತರದ ನಾಂಬು, ಅಂದ್ರೆ ಈಗಿನ ಇವಾತೆ ಪ್ರಾಂತ್ಯದ ಮೊರಿಯೋಕಾ ಮತ್ತೆ ಮಿಜುಸಾವಾ ಕಡೇದು. ಇನ್ನೊಂದು ಕ್ಯೋತೋ ಮತ್ತೆ ಅದರ ಪಕ್ಕದ ಓಮಿ ಸೀಮೆ, ಬಿವಾ ಸರೋವರದ ಸುತ್ತಮುತ್ತ ಎರಕ ಹೊಯ್ದಿರೋದು. ಬೇರೆ ಊರುಗಳಲ್ಲೂ ಮಾಡ್ತಿದ್ರು, ಆದ್ರೆ ಕಲೆಕ್ಟರ್‌ಗಳ ಮಾತುಕತೆ ಸುತ್ತೋದು ಈ ಎರಡರ ಸುತ್ತಾನೇ.

ಬೇಗ ಗುರುತು ಹಿಡಿಯೋದಕ್ಕೆ ಮುಚ್ಚಳ ನೋಡಿ. ನಾಂಬು ಕೆಟಲ್‌ಗೆ ಸಾಮಾನ್ಯವಾಗಿ ಕಬ್ಬಿಣದ್ದೇ ಮುಚ್ಚಳ, ಕ್ಯೋತೋ ಕಡೇದಕ್ಕೆ ಹೆಚ್ಚಾಗಿ ಕಂಚಿನ ಮುಚ್ಚಳ. ಇದು ನೂರಕ್ಕೆ ನೂರು ನಡೆಯೋ ರೂಲ್ ಅಲ್ಲ, ಮುಚ್ಚಳ ಅದಲು ಬದಲಾಗಿರೋದೂ ಉಂಟು, ಆದ್ರೂ ಶುರು ಮಾಡೋಕೆ ಸಾಕು.

ನಾಂಬುದು ಕಥೆ ಹೀಗಿದೆ. 1659ರಲ್ಲಿ ಮೊರಿಯೋಕಾದ ನಾಂಬು ದೊರೆ ಕ್ಯೋತೋದಿಂದ ಕೊಯ್ಜುಮಿ ಮನೆತನದ ಎರಕದ ಕೆಲಸದವರನ್ನ ಕರೆಸಿಕೊಂಡ, ಟೀ ಸೇವೆಗೆ ಬೇಕಾದ ಕೊಪ್ಪರಿಗೆ ಮಾಡಿಸೋದಕ್ಕೆ. ಆ ಮನೆತನದ ಮೂರನೇ ತಲೆಮಾರಿನ ಕೊಯ್ಜುಮಿ ನಿಜಾಎಮೊನ್ ಅನ್ನೋರು 18ನೇ ಶತಮಾನದಲ್ಲಿ ಆ ಕೊಪ್ಪರಿಗೆಯನ್ನೇ ಚಿಕ್ಕದು ಮಾಡಿ, ಮೂತಿ ಇಟ್ಟು, ಮೇಲೊಂದು ಹಿಡಿ ಹಾಕಿದ್ರು, ಅದೇ ನಾಂಬು ತೆತ್ಸುಬಿನ್ ಆಯ್ತು ಅಂತ ಅಲ್ಲಿನವರು ಹೇಳೋದು. 1908ರಲ್ಲಿ ಆಗಿನ ಯುವರಾಜ (ಆಮೇಲೆ ತೈಶೋ ಚಕ್ರವರ್ತಿ ಆದವರು) ಆ ಕಡೆ ಪ್ರವಾಸ ಬಂದಾಗ ಅದೇ ಮನೆತನದ ಎಂಟನೇ ತಲೆಮಾರಿನವರು ಎರಕ ಹೊಯ್ದು ತೋರಿಸಿದ್ರು, ಅಲ್ಲಿಂದ ದೇಶಕ್ಕೆಲ್ಲಾ ಹೆಸರಾಯ್ತು. 1975ರಲ್ಲಿ ಜಪಾನ್ ಸರ್ಕಾರ ಸಾಂಪ್ರದಾಯಿಕ ಕರಕುಶಲ ವಸ್ತು ಅಂತ ಮಾನ್ಯತೆ ಕೊಡೋಕೆ ಶುರು ಮಾಡ್ದಾಗ ಮೊದಲ ಸಾಲಲ್ಲೇ ನಾಂಬು ಕಬ್ಬಿಣದ ಸಾಮಾನೂ ಇತ್ತು.

ನಾಂಬು ಅಂದ ತಕ್ಷಣ ಕಣ್ಣಿಗೆ ಬರೋದು ಅರರೆ, ಅಂದ್ರೆ ಆಲಿಕಲ್ಲಿನ ಹಾಗೆ ಮೈತುಂಬಾ ಎದ್ದಿರೋ ಬೊಟ್ಟುಗಳು. ಇದನ್ನ ಕೆಟಲ್ ಮೇಲೆ ಅಂಟಿಸಿರೋದಲ್ಲ, ಕೊರೆದಿರೋದೂ ಅಲ್ಲ. ಮಣ್ಣಿನ ಅಚ್ಚು ಇನ್ನೂ ಹಸಿ ಇರೋವಾಗ ಅದರ ಒಳಗೋಡೆಗೆ ಸಣ್ಣ ಕಡ್ಡಿಯಿಂದ ಒಂದೊಂದೇ ಗುಳಿ ಒತ್ತುತ್ತಾರೆ, ಸಾಲು ಸಾಲಾಗಿ, ಸಾವಿರಗಟ್ಟಲೆ, ಆಮೇಲೆ ಕಬ್ಬಿಣ ಹೊಯ್ದಾಗ ಆ ಗುಳಿ ಬೊಟ್ಟಾಗಿ ಬರತ್ತೆ. ಕೈಕೆಲಸದ ಒಳ್ಳೇ ಅರರೆ ಮೇಲೆ ಬೆರಳು ಆಡಿಸಿ ನೋಡಿ, ಹೊಟ್ಟೆಯ ಹತ್ರ ದಪ್ಪಗಿರೋ ಬೊಟ್ಟು ಹೆಗಲಿನ ಕಡೆ ಹೋಗ್ತಾ ಹೋಗ್ತಾ ಸಣ್ಣ ಆಗತ್ತೆ, ಬಾಯಿಯ ಸುತ್ತ ಸಾಸಿವೆ ಕಾಳಿನಷ್ಟು ಆಗಿರತ್ತೆ, ಸಾಲು ಎಲ್ಲೂ ತಪ್ಪಿರಲ್ಲ, ಆದ್ರೂ ಎರಡು ಬೊಟ್ಟು ಒಂದೇ ಥರ ಇರಲ್ಲ. ಫ್ಯಾಕ್ಟರಿ ಅಚ್ಚಿನದ್ದು ಮೇಲಿಂದ ಕೆಳಗಿನ ತನಕ ಒಂದೇ ಅಳತೆ, ತುದಿ ಮೊಂಡು. ಪಕ್ಕಪಕ್ಕ ಇಟ್ರೆ ಮಕ್ಕಳೂ ಹೇಳ್ತಾರೆ ಯಾವುದು ಯಾವುದು ಅಂತ.

ಕ್ಯೋತೋ ಕಡೆಯವ್ರ ದಾರಿನೇ ಬೇರೆ. 18ನೇ ಶತಮಾನದಲ್ಲಿ ಎಲೆ ನೆನೆಸಿ ಕುಡಿಯೋ ಸೆಂಚಾ ಟೀ ಓದುಬರಹ ಬಲ್ಲವರ, ಚಿತ್ರಕಾರರ ಮಧ್ಯೆ ಫ್ಯಾಷನ್ ಆಯ್ತು, ಅವರಿಗೆ ಚೈನಾದ ಪೇಂಟಿಂಗ್ ಥರ ಬೆಟ್ಟ, ಪೈನ್ ಮರ, ದೋಣಿ ಇರೋ ಕೆಟಲ್ ಬೇಕಿತ್ತು. ರ್ಯೂಬುಂದೋ ಅನ್ನೋ ಕ್ಯೋತೋದ ಕಾರ್ಖಾನೆ ಮೇಣದ ಅಚ್ಚಿನ ಎರಕವನ್ನ ತೆತ್ಸುಬಿನ್‌ಗೆ ತಂದು ಹೆಸರು ಮಾಡ್ತು. ಮೇಣದಲ್ಲಿ ರೂಪ ತಿದ್ದಿ, ಮೇಲೆ ಮಣ್ಣು ಮೆತ್ತಿ, ಸುಟ್ಟು ಮೇಣ ಇಳಿಸಿ, ಆ ಖಾಲಿ ಜಾಗಕ್ಕೆ ಕಬ್ಬಿಣ ಹೊಯ್ಯೋದು, ಕೊನೆಗೆ ಅಚ್ಚು ಒಡೀಬೇಕು, ಹಾಗಾಗಿ ಒಂದು ಅಚ್ಚಿಗೆ ಒಂದೇ ಕೆಟಲ್. ಅಲ್ಲಿ ಕೆಲಸ ಕಲಿತ ಹತಾನೋ ಶೋಹೇ (1892ರಲ್ಲಿ ತೀರಿಕೊಂಡ್ರು) ಓಮಿಗೆ ಹೋಗಿ ಕಿಬುಂದೋ ಅಂತ ಶುರು ಮಾಡಿದ್ರು. ಇವರ ಕೆಟಲ್‌ಗಳಲ್ಲಿ ಬೆಟ್ಟ, ಬಂಡೆ, ಮರ ಎಲ್ಲಾ ಮೈಯಿಂದ ಎದ್ದು ನಿಂತಿರತ್ತೆ, ಬಿವಾ ಸರೋವರದ ಪೂರ್ವದಲ್ಲಿ ಮಾಡಿದ್ದು ಅಂತ ಬರಹನೂ ಇರತ್ತೆ. ಓಮಿಯಲ್ಲೇ ಕಿಂಜುದೋ ಅನ್ನೋ ಇನ್ನೊಂದು ಮನೆ ಇತ್ತು. ಇವುಗಳ ಮೇಲೆ ಕೆಲವೊಮ್ಮೆ ಬೆಳ್ಳಿ, ಬಂಗಾರದ ತಂತಿ ಕೂರಿಸಿ ಹೂವು ಬಳ್ಳಿ ಮಾಡಿರ್ತಾರೆ.

ಈಗ ನನ್ನ ಅಭಿಪ್ರಾಯ. ಬರೀ ನೋಡೋದಕ್ಕೆ, ಶೆಲ್ಫ್ ಮೇಲೆ ಒಂದೇ ಒಂದು ವಸ್ತು ಇಟ್ಟು ಬಂದವರು ನಿಂತು ನೋಡೋ ಹಾಗಿರ್ಬೇಕು ಅಂದ್ರೆ ಕ್ಯೋತೋ ಕಡೇದಕ್ಕೆ ಸಾಟಿ ಇಲ್ಲ. ಕಂದು ಕಪ್ಪು ಕಬ್ಬಿಣದ ಮೇಲೆ ಆ ಹಳೇ ಕಂಚಿನ ಮುಚ್ಚಳ ಕೂತಿರೋ ರೀತಿನೇ ಒಂದು ಚೆಂದ. ಆದ್ರೆ ದಿನಬಳಕೆಗೆ ನಾನು ನಾಂಬು ಕಡೆನೇ. ಬೆಲೆ ಕಮ್ಮಿ, ಗಟ್ಟಿ ಎರಕ, ಮತ್ತೆ ಮುಖ್ಯವಾಗಿ ಅದರ ಒಳಗಡೆಯ ಸುಡುವಿಕೆ. ಎರಕ ಆದ ಮೇಲೆ ಕೆಟಲ್‌ನ ಇದ್ದಿಲ ಬೆಂಕೀಲಿ 800 ಡಿಗ್ರಿಗೂ ಮೇಲೆ ಕೆಂಪಗೆ ಕಾಯಿಸ್ತಾರೆ, ಆಗ ಕಬ್ಬಿಣದ ಮೇಲೆ ಬೂದು ಬಣ್ಣದ ತೆಳು ಆಕ್ಸೈಡ್ ಪದರ ಕೂರತ್ತೆ, ಅದೇ ತುಕ್ಕು ತಡೆಯೋದು. ಆಮೇಲೆ ಹೊರಮೈಗೆ ಉರುಶಿ ಮರದ ರಸದ ಮೆರುಗು ಬಿಸಿಯಲ್ಲೇ ಬಳೀತಾರೆ. ಒಳಗೆ ಎಣ್ಣೆನೂ ಇಲ್ಲ, ಪೇಂಟೂ ಇಲ್ಲ.

ಹೆಸರಿನ ಹಿಂದೆ ಓಡೋದು ಬೇಡ ಅಂತ ನಾನು ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಚೈನಾದಲ್ಲಿ ಹಳೇ ಜಪಾನೀ ಕೆಟಲ್‌ಗಳ ಕ್ರೇಜ್ ಹೆಚ್ಚಾದ ಮೇಲೆ ರ್ಯೂಬುಂದೋ, ಕಿಬುಂದೋ ಬೆಲೆ ಎಲ್ಲೋ ಹೋಯ್ತು, ಅದರ ಜೊತೆಗೆ ನಕಲೂ ರಾಶಿ ರಾಶಿ ಬಂತು. ಹೆಸರು ಸಾಮಾನ್ಯವಾಗಿ ಕಂಚಿನ ಮುಚ್ಚಳದ ಒಳಬದಿಯಲ್ಲಿ ಇರತ್ತೆ, ಮುಚ್ಚಳ ಅಂದ್ರೆ ಬೇರೆ ಕೆಟಲ್‌ಗೂ ಕೂರಿಸಬಹುದಾದ ಭಾಗ, ಅಂದ್ಮೇಲೆ ಅಸಲಿ ಮುಚ್ಚಳ ಇದ್ದು ಮೈ ಬೇರೆಯವರದ್ದಾಗಿರಬಹುದು. ಮುಚ್ಚಳ ತಿರುಗಿಸಿದಾಗ ಎಲ್ಲಾ ಕಡೆ ಒಂದೇ ಥರ ಕೂರತ್ತಾ, ಅಲ್ಲಾಡತ್ತಾ, ಅಂಚಿನ ಸವೆತ ಬಾಯಿಯ ಸವೆತಕ್ಕೆ ಹೊಂದತ್ತಾ ಅಂತ ವಿಡಿಯೋ ಕೇಳಿ. ನಕಲಿನಲ್ಲಿ ಅಕ್ಷರ ಆಳ ಇರಲ್ಲ, ಅಂಚು ಕರಗಿದ ಹಾಗಿರತ್ತೆ, ಬೆಟ್ಟ ಮರಗಳ ಗೆರೆ ಮಬ್ಬು, ಒಳಗೆಲ್ಲಾ ಒಂದೇ ಬಣ್ಣದ ಹೊಸ ಕೇಸರಿ ತುಕ್ಕು. ನಿಜವಾಗಿ ಬಳಸಿದ ಕೆಟಲ್ ಒಳಗೆ ಹಾಗಿರಲ್ಲ. ಇನ್ನು ಮರದ ಪೆಟ್ಟಿಗೆ ಇದೆ, ಪೆಟ್ಟಿಗೆ ಮೇಲೆ ಸಹಿ ಇದೆ ಅಂತ ಮೂರು ಪಟ್ಟು ಬೆಲೆ ಹೇಳ್ತಾರೆ. ಪೆಟ್ಟಿಗೆ ಇದ್ರೆ ಒಳ್ಳೇದೇ, ಆದ್ರೆ ಪೆಟ್ಟಿಗೆನೂ ಬೇರೆಯದ್ದಾಗಿರಬಹುದು, ಕೆಟಲ್‌ನ ಅಳತೆಗೆ ಸರಿಯಾಗಿ ಕೂರತ್ತಾ ಅಂತ ನೋಡಿ. ಅನುಮಾನ ಇರೋ ದೊಡ್ಡ ಹೆಸರಿಗಿಂತ ಹೆಸರೇ ಇಲ್ದಿರೋ ಒಳ್ಳೇ ಎರಕ ಎಷ್ಟೋ ವಾಸಿ, ಇದನ್ನ ನಾನು ಯಾರು ಕೇಳಿದ್ರೂ ಹೇಳ್ತೀನಿ.

ಒಳಗೆ ಏನು ನೋಡ್ಬೇಕು

ತುಕ್ಕು ಕಂಡ ತಕ್ಷಣ ಹೆದರಬೇಡಿ. ವರ್ಷಗಟ್ಟಲೆ ನೀರು ಕಾಯಿಸಿದ ಕೆಟಲ್ ಒಳಗೆ ಬಿಳಿ, ಬೂದು, ಅಲ್ಲಲ್ಲಿ ಇಟ್ಟಿಗೆ ಬಣ್ಣದ ಚುಕ್ಕೆ, ಎಲ್ಲಾ ಕಲಸಿ ಒಣಗಿದ ಗೋಡೆ ಥರ ಒಂದು ಪದರ ಇರತ್ತೆ. ಆ ಬಿಳಿ ನೀರಿನಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂತಿದ್ದು, ಜಪಾನಿನಲ್ಲಿ ಅದಕ್ಕೆ ಯುಅಕಾ ಅಂತಾರೆ, ಅದು ಇದ್ರೇನೇ ಬೆಲೆ, ಅದನ್ನ ಯಾವತ್ತೂ ತಿಕ್ಕಿ ತೆಗೀಬಾರ್ದು. ಪರೀಕ್ಷೆ ಇಷ್ಟೇ, ಒಂದು ಸಲ ನೀರು ಕುದಿಸಿ ಬಿಳಿ ಲೋಟಕ್ಕೆ ಹಾಕಿ, ನೀರು ತಿಳಿ ಇದ್ರೆ ಒಳಗೆ ಎಷ್ಟು ಕೆಂಪಿದ್ರೂ ಬಳಸಬಹುದು. ನೀರೇ ಕೆಂಪಗೆ ಬಂದ್ರೆ ಗ್ರೀನ್ ಟೀ ಎಲೆನ ಬಟ್ಟೇಲಿ ಕಟ್ಟಿ ಹಾಕಿ ಸಣ್ಣ ಉರೀಲಿ ಕುದಿಸಬೇಕು. ಎಲೆಯ ಟ್ಯಾನಿನ್ ತುಕ್ಕಿನ ಕಬ್ಬಿಣದ ಜೊತೆ ಸೇರಿ ಕಪ್ಪು ಪದರ ಆಗತ್ತೆ, ನೀರು ಶಾಯಿ ಥರ ಕಪ್ಪಾಗತ್ತೆ, ಅದನ್ನ ಚೆಲ್ಲಿ ಒಂದೆರಡು ಸಲ ಹಾಗೇ ಮಾಡಿದ್ರೆ ಬಹಳಷ್ಟು ಕೆಟಲ್ ಸರಿಹೋಗತ್ತೆ.

ಬೇಡ ಅಂತ ಬಿಡ್ಬೇಕಾದ ತುಕ್ಕು ಬೇರೆ ಇದೆ. ಉಗುರಲ್ಲಿ ಕೆರೆದ್ರೆ ಹಪ್ಪಳದ ಥರ ಪದರ ಪದರ ಎದ್ದು ಬರತ್ತೆ, ತಳ ಗುಳಿಬಿದ್ದು ತೆಳ್ಳಗಾಗಿರತ್ತೆ, ಅದು ಇವತ್ತಲ್ಲ ನಾಳೆ ಸೋರತ್ತೆ. ಸೋರೋದು ಹೆಚ್ಚಾಗಿ ತಳ ಮತ್ತೆ ಮೂತಿಯ ಬುಡದಲ್ಲಿ. ಸೆಲ್ಲರ್‌ಗೆ ಕೇಳಿ, ನೀರು ತುಂಬಿ ರಾತ್ರಿಯೆಲ್ಲಾ ಬಟ್ಟೆ ಅಥವಾ ಪೇಪರ್ ಮೇಲೆ ಇಟ್ಟು ಫೋಟೋ ಕಳಿಸಿ ಅಂತ. ರಿಪೇರಿ ಆಗಿದ್ರೆ ಯಾವುದರಿಂದ ಆಗಿದೆ ಅಂತಾನೂ ಕೇಳ್ಬೇಕು, ಇದು ತುಂಬಾ ಮುಖ್ಯ. ಉರುಶಿ ರಸಕ್ಕೆ ಕಬ್ಬಿಣದ ಪುಡಿ ಕಲಸಿ ತುಂಬಿದ್ರೆ ಅದು ಹಳೇ ಕಾಲದಿಂದ ಬಂದ ಕ್ರಮ. ಆದ್ರೆ ಒಳಗೆ ಬೆಳ್ಳಗೆ ಹೊಳೆಯೋ ಬೆಸುಗೆ ಕಂಡ್ರೆ ಅದರಲ್ಲಿ ಸೀಸ ಇರೋ ಸಾಧ್ಯತೆ ಇದೆ, ಅಂಥದ್ರಲ್ಲಿ ಕುಡಿಯೋ ನೀರು ಕಾಯಿಸಲೇಬಾರದು, ಶೋಗೆ ಮಾತ್ರ ಇಡಿ. ಒಳಗೆಲ್ಲಾ ಕಪ್ಪಗೆ ಪಳಪಳ ಅಂತಿದ್ರೂ ಅನುಮಾನ ಪಡಿ, ಮಾರೋದಕ್ಕೆ ಅಂತ ಯಾರೋ ಪೇಂಟ್ ಹೊಡೆದಿರ್ತಾರೆ.

ತಳದಲ್ಲಿ ಕಬ್ಬಿಣದ ಸಣ್ಣ ಚೂರುಗಳು ಅಂಟಿಕೊಂಡಿದ್ರೆ ಅದನ್ನ ಕೊಳೆ ಅಂತ ಕೀಳಬೇಡಿ. ಅದು ನರಿಗನೆ, ನೀರು ಕಾಯೋವಾಗ ಸದ್ದು ಬರಲಿ ಅಂತ ಬೇಕಂತಲೇ ಅಂಟಿಸಿರೋದು. ನೀರು ಕುದಿಯೋಕೆ ಮುಂಚೆ ಸುಯ್ ಅಂತ ಶುರುವಾಗೋ ಆ ಸದ್ದಿಗೆ ಅವರು ಪೈನ್ ಮರದ ಗಾಳಿ ಅಂತ ಕರೀತಾರೆ. ಇದು ಗಟ್ಟಿಯಾಗಿ ಉಳಿದಿರೋ ಹಳೇ ಕೆಟಲ್ ಸಿಕ್ರೆ ನಾನು ಬೇರೆ ಒಂದೆರಡು ಸಣ್ಣ ದೋಷ ಮಾಫಿ ಮಾಡ್ತೀನಿ.

ಹಿಡಿನೂ ನೋಡಿ. ಒಳ್ಳೇ ಕೆಟಲ್‌ನ ಹಿಡಿ ಗಟ್ಟಿ ಸರಳಲ್ಲ, ಕಬ್ಬಿಣದ ತಗಡನ್ನ ಬಡಿದು ಮಡಿಸಿ ಮಾಡಿದ ಟೊಳ್ಳು ಹಿಡಿ, ಅದಕ್ಕೆ ಬಿಸಿ ಬೇಗ ಏರಲ್ಲ. ಕೆಲವದ್ರಲ್ಲಿ ಹುಳು ತಿಂದ ಹಾಗೆ ಬೇಕಂತಲೇ ತೂತು ಬಿಟ್ಟಿರ್ತಾರೆ. ಆದ್ರೂ ಬಟ್ಟೆ ಹಿಡ್ಕೊಂಡೇ ಎತ್ತಿ.

ಹಳೇದಾ ಹೊಸದಾ

ಇದನ್ನ ಯಾರೂ ಹೇಳಲ್ಲ, ಆದ್ರೆ ದಿನಾ ಬಳಸೋ ಉದ್ದೇಶ ಮಾತ್ರ ಇದ್ರೆ ಹೊಸ ನಾಂಬು ಕೆಟಲ್ ತಗೊಳ್ಳೋದ್ರಲ್ಲಿ ಏನೂ ತಪ್ಪಿಲ್ಲ. ಮೊರಿಯೋಕಾದಲ್ಲಿ 1902ರಿಂದ ಇರೋ ಇವಾಚು, ಮಿಜುಸಾವಾದಲ್ಲಿ 1852ರಿಂದ ಇರೋ ಓಯ್‌ಗೆನ್ ಇವತ್ತಿಗೂ ಮಾಡ್ತಿದ್ದಾರೆ, 1625ರಲ್ಲಿ ಶುರುವಾದ ಸುಜುಕಿ ಮೊರಿಹಿಸಾ ಮನೆತನದ ಕಾರ್ಯಾಗಾರ ಇನ್ನೂ ಕೈಯಲ್ಲೇ ಅಚ್ಚು ಮಾಡತ್ತೆ. ಹೊಸದರಲ್ಲಿ ಸೋರೋ ಭಯ ಇಲ್ಲ, ಸೀಸದ ಭಯ ಇಲ್ಲ, ಕೆಲವು ಇಂಡಕ್ಷನ್ ಮೇಲೂ ನಡೆಯತ್ತೆ. ಬೆಲೆ ಮಾತ್ರ ಉಲ್ಟಾ, ಕುಶಲಕರ್ಮಿ ಕೈಯಲ್ಲಿ ಮಾಡಿದ ಹೊಸ ಕೆಟಲ್‌ಗೆ ಕೊಡೋ ದುಡ್ಡಲ್ಲಿ ಹೆಸರಿಲ್ಲದ ಹಳೇ ಕೆಟಲ್ ಹಲವಾರು ಸಿಗತ್ತೆ. ಹಾಗಾಗಿ ರಿಸ್ಕ್ ಬೇಡ ಅನ್ನೋರಿಗೆ ಹೊಸದು, ಹುಡುಕೋ ಖುಷಿ ಬೇಕು, ಮೈಮೇಲೆ ಕಾಲ ಕೂತಿರೋ ಬಣ್ಣ ಬೇಕು ಅನ್ನೋರಿಗೆ ಹಳೇದು. ಆ ಬಣ್ಣ ಹೊಸದಕ್ಕೆ ಬರಲ್ಲ, ಅದನ್ನ ನಾನು ಒಪ್ಕೊಳ್ಳಲೇಬೇಕು.

ಬರೀ ಡೆಕೋರೇಷನ್‌ಗೆ ಅಂದ್ರೆ ಮೂತಿ ಇಲ್ಲದ ಚಾಗಮನೂ ಯೋಚನೆ ಮಾಡಿ, ಅದು ಟೀ ಸಮಾರಂಭದಲ್ಲಿ ಸೌಟಲ್ಲಿ ನೀರು ತೆಗೆಯೋ ಕೊಪ್ಪರಿಗೆ. ತೆತ್ಸುಬಿನ್‌ಗಿಂತ ಎಷ್ಟೋ ಹಳೇ ಪರಂಪರೆ, ಕ್ಯೂಶುವಿನ ಅಶಿಯಾ ಮತ್ತೆ ಪೂರ್ವದ ತೆನ್‌ಮ್ಯೋ ಅದಕ್ಕೆ ಹೆಸರಾದ ಊರುಗಳು, ಜಪಾನ್ ಸರ್ಕಾರ ಮುಖ್ಯ ಸಾಂಸ್ಕೃತಿಕ ಆಸ್ತಿ ಅಂತ ಗುರುತಿಸಿರೋ 9 ಚಾಗಮಗಳಲ್ಲಿ 8 ಅಶಿಯಾದವು. ನಮಗೆ ಸಿಗೋದು ಅವಲ್ಲ ಬಿಡಿ, ಆಮೇಲಿನ ಕಾಲದವು, ಆದ್ರೂ ದುಂಡಗೆ, ಗಂಭೀರವಾಗಿ, ಒಂದು ಮರದ ಹಲಗೆ ಮೇಲೆ ಒಂಟಿಯಾಗಿ ಇಟ್ರೆ ಇಡೀ ಗೋಡೆಗೆ ಸಾಕಾಗತ್ತೆ. ಕಿಚನ್‌ನಲ್ಲಿ ಬಳಸೋಕೆ ಮಾತ್ರ ಕಷ್ಟ. ಬೆಳ್ಳಿ ಕೆಟಲ್‌ಗಳೂ ಇವೆ, ಅದು ಬೇರೆ ಬಜೆಟ್, ಬೇರೆ ಲೋಕ, ಇಲ್ಲಿ ಬೇಡ.

ಶೋಗೆ ಇಟ್ರೂ ಕಾಳಜಿ ಬೇಕು. ಮಂಗಳೂರು, ಉಡುಪಿ, ಮಲೆನಾಡಿನ ಮಳೆಗಾಲದ ಥಂಡಿಗೆ ಬರೀ ಕಬ್ಬಿಣ ತಡೆಯಲ್ಲ, ಮುಚ್ಚಳ ಸ್ವಲ್ಪ ಸರಿಸಿ ಇಡಿ, ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ವಾರಕ್ಕೊಮ್ಮೆ ಒಣ ಹತ್ತಿ ಬಟ್ಟೇಲಿ ಒರೆಸಿ. ಅದರಲ್ಲಿ ನೀರು ಹಾಕಿ ಮನಿಪ್ಲಾಂಟ್ ಇಡೋರನ್ನ ನೋಡಿದ್ದೀನಿ, ದಯವಿಟ್ಟು ಬೇಡ.

ಬಳಸೋರಿಗೆ, ನಮ್ಮ ದೋಸೆ ಕಾವಲಿ ಅಭ್ಯಾಸ ಇಲ್ಲಿ ತರಬೇಡಿ. ಕಾವಲಿಗೆ ಎಣ್ಣೆ ಸವರಿ ಪಳಗಿಸೋದು ಸರಿ, ಕೆಟಲ್ ಒಳಗೆ ಒಂದು ಹನಿ ಎಣ್ಣೆನೂ ಬೇಡ, ಸೋಪೂ ಬೇಡ, ಸ್ಕ್ರಬ್ಬರ್ ಅಂತೂ ಬೇಡವೇ ಬೇಡ. ನೀರು ಮುಕ್ಕಾಲು ಭಾಗ ಹಾಕಿ, ಸಣ್ಣ ಉರಿ, ಬೆಂಕಿ ತಳದ ಆಚೆ ಪಕ್ಕಕ್ಕೆ ನೆಕ್ಕಬಾರದು, ಕುದ್ದ ಮೇಲೆ ಪೂರ್ತಿ ನೀರನ್ನ ಫ್ಲಾಸ್ಕ್‌ಗೆ ಬಗ್ಗಿಸಿ, ಮುಚ್ಚಳ ತೆಗೆದಿಟ್ರೆ ಕಬ್ಬಿಣದ ಬಿಸಿಗೇ ಒಳಗೆ ಒಣಗತ್ತೆ. ರಾತ್ರಿ ನೀರು ಬಿಡೋದು, ಕಾದ ಕೆಟಲ್‌ಗೆ ತಣ್ಣೀರು ಸುರಿಯೋದು, ಇವೆರಡೇ ಜಾಸ್ತಿ ಕೆಟಲ್ ಹಾಳು ಮಾಡೋದು. ಹಳೇದನ್ನ ಇಂಡಕ್ಷನ್ ಮೇಲೆ ಇಡದಿದ್ರೇ ಒಳ್ಳೇದು, ಬಿಸಿ ಒಂದೇ ಸಲ ಏರಿ ಬಿರುಕು ಬಿಡಬಹುದು. ಗ್ಯಾಸ್ ಸ್ಟೌವಿನ ಕಾಲು ಅಗಲ ಇದ್ರೆ ಮೇಲೊಂದು ಸಣ್ಣ ಕಬ್ಬಿಣದ ಜಾಲರಿ ಇಡಿ, ಯಾಕಂದ್ರೆ ಇವುಗಳ ತಳ ಚಿಕ್ಕದು. ಬೋರ್‌ವೆಲ್‌ನ ಗಡಸು ನೀರಾದ್ರೆ ಬಿಳಿ ಪದರ ಬೇಗ ಕೂರತ್ತೆ, ಶುರುವಿನಲ್ಲಿ ಅದು ಅನುಕೂಲಾನೇ, ಮೂತಿಯ ಒಳಗೆ ದಪ್ಪ ಕಟ್ಟೋಕೆ ಶುರುವಾದ್ರೆ ಫಿಲ್ಟರ್ ನೀರಿಗೆ ಬದಲಾಯಿಸಿ. ಹಾಲು ಹಾಕಿ ಚಹಾ ಕುದಿಸೋದು, ಕಷಾಯ ಮಾಡೋದು ಇದರಲ್ಲಿ ಆಗಲ್ಲ, ಬರೀ ನೀರು.

ಕಬ್ಬಿಣದ ಅಂಶ ನೀರಿಗೆ ಸ್ವಲ್ಪ ಸೇರತ್ತೆ ಅನ್ನೋದು ನಿಜ, ಆದ್ರೆ ರಕ್ತಹೀನತೆಗೆ ಔಷಧಿ ಅಂತ ಮಾರೋರ ಮಾತಿಗೆ ದುಡ್ಡು ಕೊಡಬೇಡಿ. ಥಲಸ್ಸೀಮಿಯಾದಂಥ ತೊಂದರೆ ಇರೋರು, ದೇಹದಲ್ಲಿ ಕಬ್ಬಿಣ ಜಾಸ್ತಿ ಇರೋರು ಡಾಕ್ಟರ್‌ನ ಕೇಳಿನೇ ಬಳಸಿ.

ಎಲ್ಲಿ ತಗೊಳ್ಳೋದು ಅಂದ್ರೆ, ಜಪಾನಿಗೆ ಹೋಗೋ ಅವಕಾಶ ಇದ್ದೋರಿಗೆ ಕ್ಯೋತೋದಲ್ಲಿ ಪ್ರತಿ ತಿಂಗಳು 21ಕ್ಕೆ ತೋಜಿ ದೇವಸ್ಥಾನದ ಸಂತೆ, 25ಕ್ಕೆ ಕಿತಾನೋ ತೆನ್‌ಮಾಂಗು ಸಂತೆ, ಅಲ್ಲಿ ಕೈಲಿ ಹಿಡಿದು, ಟಾರ್ಚ್ ಹಾಕಿ ಒಳಗೆ ನೋಡಿ ತಗೋಬಹುದು. ಅದಕ್ಕಿಂತ ಒಳ್ಳೇದು ಇಲ್ಲ. ಇಲ್ಲಿಂದ ತರಿಸೋರು ಜಪಾನಿನ ಯಾಹೂ ಹರಾಜಿನಲ್ಲಿ ಏಜೆಂಟ್ ಮೂಲಕ ಕೂಗಬೇಕು, ಕೆಟಲ್ ಬೆಲೆ ಕಮ್ಮಿ ಕಂಡ್ರೂ ಏಜೆಂಟ್ ಫೀಸ್, ಶಿಪ್ಪಿಂಗ್, ಇಲ್ಲಿನ ಕಸ್ಟಮ್ಸ್ ಎಲ್ಲಾ ಮೊದಲೇ ಕೂಡಿಸಿಕೊಳ್ಳಿ, ಒಂದೊಂದು ಒಂದೂವರೆಯಿಂದ ಎರಡು ಕೆಜಿ ತೂಗೋದ್ರಿಂದ ಎಷ್ಟೋ ಸಲ ಸಾಗಾಟವೇ ಮಾಲಿನ ಬೆಲೆ ದಾಟತ್ತೆ. ಪ್ಯಾಕ್ ಮಾಡೋವಾಗ ಮುಚ್ಚಳ ಬೇರೆ ಸುತ್ತಬೇಕು, ಮೂತಿಗೆ ಮತ್ತೆ ಹಿಡಿ ಕೂರೋ ಕಿವಿಗಳಿಗೆ ಎಕ್ಸ್‌ಟ್ರಾ ಮೆತ್ತೆ ಕೊಡ್ಬೇಕು ಅಂತ ಬರೆದು ಹೇಳಿ, ಬೀಡು ಕಬ್ಬಿಣ ಗಟ್ಟಿ ಆದ್ರೂ ಬಿದ್ರೆ ಬಗ್ಗಲ್ಲ, ಒಡೆಯತ್ತೆ. ಬಂದ ದಿನ ಬಿಸಿನೀರಲ್ಲಿ ಮೆತ್ತಗೆ ಅಲ್ಲಾಡಿಸಿ ತೊಳೆದು, ಎರಡು ಮೂರು ಸಲ ನೀರು ಕುದಿಸಿ ಚೆಲ್ಲಿ, ನಾಲ್ಕನೇ ಸಲದ ನೀರನ್ನ ಬಿಳಿ ಲೋಟಕ್ಕೆ ಹಾಕಿ ಬಣ್ಣ ನೋಡಿ, ರಿಟರ್ನ್ ಅವಧಿ ಮುಗಿಯೋಕೆ ಮುಂಚೆ.